ಮೇಷ್ಟ್ರು ಉಳಿಸಿಕೊಂಡ ಅರ್ಧ ಅಂಕ

ಚೆಸ್ ಟೂರ್ನಮೆಂಟ್ ನಡೆಯುವ ಹಾಲ್‌ನಿಂದ ಹೊರಗೆ ಬರುವ ಮಕ್ಕಳನ್ನು ಅಪ್ಪ ಅಮ್ಮ ಬಾಗಿಲಲ್ಲೇ ತಡೆದು ಕೇಳುವುದು ಒಂದೇ ಮಾತು: "ಗೆದ್ಯಾ?" "ಡ್ರಾ ಆಯ್ತು" ಎಂದ ಕೂಡಲೇ ಅವರ ಮುಖ ಸಪ್ಪಗಾಗುತ್ತದೆ. ಶಿವಮೊಗ್ಗ, ಭದ್ರಾವತಿ, ಸಾಗರ, ಎಲ್ಲಿ ಹೋದರೂ ಇದನ್ನು ಕಂಡಿದ್ದೇನೆ. ಸೋತು ಬಂದ ಮಗುವಿಗಾದರೂ "ಹೋಗ್ಲಿ ಬಿಡು, ಮುಂದಿನ ಸಲ ನೋಡೋಣ" ಎನ್ನುವ ಸಮಾಧಾನ ಸಿಗುತ್ತದೆ. ಡ್ರಾ ಮಾಡಿಕೊಂಡು ಬಂದ ಮಗುವಿಗೆ "ಗೆಲ್ಲೋದು ಬಿಟ್ಟು ಡ್ರಾ ಯಾಕೆ ಮಾಡ್ಕೊಂಡೆ?" ಎಂಬ ಪ್ರಶ್ನೆ. ಒಳಗೆ ಆ ಮಗು ಒಂದು ಕಾಯಿ ಕಡಿಮೆ ಇಟ್ಟುಕೊಂಡು ಎರಡು ಗಂಟೆ ಹಲ್ಲುಕಚ್ಚಿ ಕೂತಿತ್ತು ಎಂಬುದು ಅವರಿಗೆ ಗೊತ್ತಾಗುವುದಿಲ್ಲ. ಹೇಳೋಣವೆಂದರೆ ಅಷ್ಟರಲ್ಲಿ ಸ್ಕೂಟರ್ ಸ್ಟಾರ್ಟ್ ಆಗಿರುತ್ತದೆ.

ಇದು ನನಗೆ ನಿಜಕ್ಕೂ ಬೇಸರ ತರಿಸುವ ಸಂಗತಿ. ನಮ್ಮಂಥ ಸಾಮಾನ್ಯ ಕ್ಲಬ್ ಆಟಗಾರರ ನಡುವೆ ಕೊನೆಯವರೆಗೆ ಹೋರಾಡಿ ಆದ ಡ್ರಾ, ಎದುರಾಳಿ ಹದಿನೈದನೇ ನಡೆಯಲ್ಲಿ ಕುದುರೆ ಕಳಕೊಂಡದ್ದರಿಂದ ಸಿಕ್ಕ ಗೆಲುವಿಗಿಂತ ಎಷ್ಟೋ ದೊಡ್ಡದು ಎಂದು ನಾನು ನಂಬಿದ್ದೇನೆ. ನಂಬಿಕೆ ಮೊದಲಿನಿಂದಲೂ ಇತ್ತು. ಹೋದ ಮಳೆಗಾಲದಲ್ಲಿ ನಮ್ಮ ಕ್ಲಬ್‌ನಲ್ಲಿ ನಡೆದ ಒಂದು ಆಟವನ್ನು ಪಕ್ಕದಲ್ಲೇ ನಿಂತು ನೋಡಿದ ಮೇಲೆ ಅದನ್ನು ನಾಲ್ಕು ಜನರ ಮುಂದೆ ಹೇಳಬೇಕು ಅನ್ನಿಸಿತು.

ನಮ್ಮ ಕ್ಲಬ್ ಇರುವುದು ದುರ್ಗಿಗುಡಿಯ ಹತ್ತಿರ ಒಂದು ಹಳೇ ಕಟ್ಟಡದ ಮಹಡಿಯಲ್ಲಿ. ಮೇಲೆ ಶೀಟಿನ ಮಾಡು. ಜುಲೈ ಮಳೆ ಹಿಡಿಯಿತೆಂದರೆ ಪಕ್ಕದವರು ಆಡಿದ ಮಾತೂ ಕೇಳಿಸುವುದಿಲ್ಲ. ಗ್ರ್ಯಾಂಡ್‌ಮಾಸ್ಟರ್ ಜಿ.ಎ. ಸ್ಟ್ಯಾನಿ ಶಿವಮೊಗ್ಗದವರು, ಹಾಗಾಗಿ ಅವರ ಹೆಸರು ಹೇಳಿಕೊಂಡು ಮಕ್ಕಳನ್ನು ಕರೆತರುವವರು ಇಲ್ಲಿ ಬಹಳ. ದೊಡ್ಡವರೂ ಬರುತ್ತಾರೆ: ಬ್ಯಾಂಕಿನವರು, ಔಷಧಿ ಅಂಗಡಿಯವರು, ತೋಟ ಇರುವವರು. ಶನಿವಾರ ಮಧ್ಯಾಹ್ನದ ಲೀಗ್‌ನಲ್ಲಿ ಒಬ್ಬೊಬ್ಬರಿಗೆ ಒಂದು ಗಂಟೆ, ಜೊತೆಗೆ ಪ್ರತಿ ನಡೆಗೂ 30 ಸೆಕೆಂಡು. ನಡೆಗಳನ್ನು ಬರೆದುಕೊಳ್ಳಲೇಬೇಕು. ನಿರ್ಣಾಯಕನ ಕೆಲಸ ಸಾಮಾನ್ಯವಾಗಿ ನನ್ನದು.

ಆವತ್ತು ಕಪ್ಪು ಕಾಯಿ ಹಿಡಿದವರು ನಿವೃತ್ತ ಹೈಸ್ಕೂಲ್ ಮೇಷ್ಟ್ರು. ತೀರ್ಥಹಳ್ಳಿ ಕಡೆಯವರು, ಎರಡೆಕರೆ ಅಡಿಕೆ ತೋಟ ಇದೆ. ಶನಿವಾರ ಬೆಳಿಗ್ಗೆ ಬಸ್ ಹತ್ತಿ ಮಂಡಗದ್ದೆ, ಗಾಜನೂರು ದಾಟಿ ಬರುತ್ತಾರೆ. ಬಿಳಿ ಹಿಡಿದವಳು ಸೆಕೆಂಡ್ ಪಿಯುಸಿ ಓದುವ ಹುಡುಗಿ. ಇಬ್ಬರ ಫಿಡೆ ರೇಟಿಂಗ್ (ಅಂತರರಾಷ್ಟ್ರೀಯ ಚೆಸ್ ಒಕ್ಕೂಟ ಆಟದ ಬಲಕ್ಕೆ ಕೊಡುವ ಅಂಕ) ನಡುವೆ ಸುಮಾರು 200ರ ಅಂತರ, ಮೇಷ್ಟ್ರದ್ದು ಹೆಚ್ಚು.

ಆರಂಭ ಸ್ಲಾವ್ ಡಿಫೆನ್ಸ್. ಮೇಷ್ಟ್ರು ಬೇರೆ ಏನನ್ನೂ ಆಡುವುದಿಲ್ಲ. ಆ ಭಾಗದ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಮಂತ್ರಿಗಳು ಹೋದವು, ಕುದುರೆ, ಒಂಟೆಗಳೂ ಒಂದೊಂದಾಗಿ ಹೋದವು, ಅದರ ನಡುವೆ ಎಡಬದಿಯಲ್ಲಿ ಮೇಷ್ಟ್ರ ಒಂದು ಕಾಲಾಳು ಬಿತ್ತು. ಮೂವತ್ತನೇ ನಡೆಯ ಹೊತ್ತಿಗೆ ಬೋರ್ಡಿನ ಮೇಲೆ ಉಳಿದದ್ದು ಎರಡು ರಾಜ, ಎರಡು ಆನೆ, ಬಲಬದಿಯಲ್ಲಿ ಅವಳ ನಾಲ್ಕು ಕಾಲಾಳುಗಳ ಎದುರು ಇವರ ಮೂರು.

ಇಲ್ಲಿಂದ ಮುಂದೆ ನಾನು ಕುರ್ಚಿ ಬಿಟ್ಟು ಎದ್ದು ಹೋಗಿ ಅವರ ಬೋರ್ಡಿನ ಹತ್ತಿರ ನಿಂತೆ.

ಆನೆಗಳ ಅಂತ್ಯದಲ್ಲಿ ಎಲ್ಲ ಕಾಲಾಳುಗಳೂ ಒಂದೇ ಬದಿಯಲ್ಲಿದ್ದು, ನಾಲ್ಕಕ್ಕೆ ಮೂರು ಎಂಬ ಲೆಕ್ಕವಿದ್ದರೆ, ಸರಿಯಾಗಿ ಆಡಿದರೆ ಡ್ರಾ. ಇದು ಪುಸ್ತಕದ ಮಾತು, ಸತ್ಯವಾದ ಮಾತು. ಆದರೆ "ಸರಿಯಾಗಿ ಆಡಿದರೆ" ಎಂಬ ಎರಡು ಪದದೊಳಗೆ ಇನ್ನೊಂದು ಎರಡು ಗಂಟೆಯ ಕೆಲಸ ಅಡಗಿದೆ. ಒಂದು ಕಾಲಾಳು ಹೆಚ್ಚಿರುವವರಿಗೆ ಅವಸರವಿಲ್ಲ. ಮುಂದೆ ಬಂದು, ಹಿಂದೆ ಹೋಗಿ, ಎದುರಿನವರು ಎಲ್ಲಿ ಬಳಲುತ್ತಾರೆ ಎಂದು ನೋಡುತ್ತಾ ಇರಬಹುದು. ಕಡಿಮೆ ಇರುವವರಿಗೆ ಪ್ರತಿ ನಡೆಯೂ ಪರೀಕ್ಷೆ.

ಮೇಷ್ಟ್ರು ಮಾಡಿದ ಮೊದಲ ಕೆಲಸವೇ ನನಗೆ ತುಂಬಾ ಇಷ್ಟವಾಯಿತು. ಅವಳ ಕಡೆಯಿಂದ ಇನ್ನೂ ಯಾವ ಬೆದರಿಕೆಯೂ ಇರಲಿಲ್ಲ. ಆದರೂ ಅವರು ಅಂಚಿನ ಕಾಲಾಳನ್ನು ಎರಡು ಮನೆ ಮುಂದೆ ತಂದು ಎಚ್5ರಲ್ಲಿ ನಿಲ್ಲಿಸಿದರು (ಬಿಳಿಯ ಕಡೆಯಿಂದ ನೋಡಿದರೆ ಬೋರ್ಡಿನ ಉದ್ದಸಾಲುಗಳಿಗೆ ಎಡದಿಂದ ಎಯಿಂದ ಎಚ್‌ವರೆಗೆ ಹೆಸರು, ಅಡ್ಡಸಾಲುಗಳಿಗೆ ಕೆಳಗಿನಿಂದ 1ರಿಂದ 8). ಅದರ ಹಿಂದೆ ಜಿ6, ಎಫ್7. ಹೊಸದಾಗಿ ಕಲಿತವರು ಇದನ್ನು ಮಾಡುವುದಿಲ್ಲ. ರಾಜನ ಮುಂದಿನ ಕಾಲಾಳುಗಳನ್ನು ಮುಟ್ಟದೆ ಕೂರುತ್ತಾರೆ. ಆಗ ಬಿಳಿಯ ಕಾಲಾಳು ಜಿ4ಕ್ಕೆ ಬಂದು ಜಾಗವನ್ನೆಲ್ಲ ಹಿಡಿಯುತ್ತದೆ, ಕಪ್ಪಿಗೆ ಉಸಿರಾಡಲು ಎಡೆಯಿರುವುದಿಲ್ಲ. ಎಚ್5 ಇದ್ದರೆ ಜಿ4 ಬಂದ ಕೂಡಲೇ ಒಂದು ಜೊತೆ ಕಾಲಾಳು ಬೋರ್ಡಿನಿಂದ ಇಳಿಯುತ್ತದೆ. ಕಾಪಾಡುವವರಿಗೆ ಬೇಕಾದದ್ದೂ ಅದೇ. ಕಾಲಾಳುಗಳು ಕಡಿಮೆಯಾದಷ್ಟೂ ಡ್ರಾ ಹತ್ತಿರ.

ಆಮೇಲೆ ಇದರ ಬಗ್ಗೆ ಕೇಳಿದಾಗ ಮೇಷ್ಟ್ರು ಹೇಳಿದ್ದು ಅವರ ತೋಟದ ಮಾತನ್ನೇ: "ಕೊಳೆ ಬಂದ ಮೇಲೆ ಔಷಧಿ ಹೊಡೆದ್ರೆ ಏನು ಬಂತು? ಮಳೆ ಹಿಡಿಯೋ ಮೊದ್ಲೇ ಮೈಲುತುತ್ತ, ಸುಣ್ಣ ಕಲಸಿ ಗೊನೆಗೆ ಹೊಡೆದಿರ್ಬೇಕು. ಆಮೇಲೆ ಮರ ಹತ್ತೋಕೂ ಆಗಲ್ಲ, ಹೊಡೆದದ್ದು ನಿಲ್ಲೋದೂ ಇಲ್ಲ." ಮಲೆನಾಡಿನಲ್ಲಿ ಅಡಿಕೆ ಬೆಳೆದವರಿಗೆ ಇದಕ್ಕಿಂತ ಹೆಚ್ಚು ವಿವರಣೆ ಬೇಕಿಲ್ಲ.

ಹುಡುಗಿಯೂ ಸುಮ್ಮನೆ ಕೂರಲಿಲ್ಲ, ಅವಳ ಶ್ರಮವನ್ನೂ ಅಷ್ಟೇ ಗೌರವದಿಂದ ಹೇಳಬೇಕು. ಆನೆಯನ್ನು ಏಳನೇ ಸಾಲಿಗೆ ತಂದಳು. ರಾಜನನ್ನು ಮೂಲೆಯಿಂದ ಹೊರಗೆಳೆದಳು. ನಲವತ್ತರ ಹತ್ತಿರ ಜಿ4 ನೂಕಿದಳು, ಅಂಚಿನ ಒಂದು ಜೊತೆ ಕಾಲಾಳು ಹೋಯಿತು. ಅಲ್ಲಿ ಮೇಷ್ಟ್ರು ಒಂದು ನಡೆ ಆಡಿ, "ಡ್ರಾ?" ಎಂದು ಕೇಳಿ ಗಡಿಯಾರ ಒತ್ತಿದರು. ಅವಳು ಬೋರ್ಡನ್ನು ನೋಡುತ್ತಲೇ ತಲೆ ಅಲ್ಲಾಡಿಸಿ, "ಇಲ್ಲ ಸಾರ್, ಆಡೋಣ" ಎಂದಳು. ಮೇಷ್ಟ್ರು ಸ್ಕೋರ್‌ಶೀಟ್‌ನಲ್ಲಿ ಆ ನಡೆಯ ಪಕ್ಕ ಸಮ ಚಿಹ್ನೆ ಬರೆದು, "ಆಡು ಮಾರಾಯ್ತಿ, ಆಡ್ಲೇಬೇಕು" ಎಂದರು.

ಅವಳು ಒಪ್ಪದೇ ಇದ್ದದ್ದು ಸರಿ. ಒಂದು ಕಾಲಾಳು ಹೆಚ್ಚಿಟ್ಟುಕೊಂಡು ಒಪ್ಪುವುದಕ್ಕೆ ಕಾರಣವೇ ಇಲ್ಲ. 2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ ಗುಕೇಶ್ ಮಾಡಿದ್ದೂ ಇದನ್ನೇ. ವಿಶ್ವ ಚಾಂಪಿಯನ್‌ಷಿಪ್ಪಿನ ಹದಿನಾಲ್ಕನೇ ಆಟ, ಅದೇ ಕೊನೆಯ ಕ್ಲಾಸಿಕಲ್ (ಗಂಟೆಗಟ್ಟಲೆ ಯೋಚಿಸಿ ಆಡುವ) ಆಟ. ಆನೆ, ಒಂಟೆಗಳ ಜೊತೆ ಗುಕೇಶ್‌ಗೆ ಎರಡು ಕಾಲಾಳು, ಆಗಿನ ಚಾಂಪಿಯನ್ ಡಿಂಗ್ ಲಿರೆನ್‌ಗೆ ಒಂದು. ಇದು ಡ್ರಾ ಎಂದೇ ನೋಡುತ್ತಿದ್ದವರೆಲ್ಲ ತೀರ್ಮಾನಿಸಿದ್ದರು. 55ನೇ ನಡೆಯಲ್ಲಿ ಡಿಂಗ್ ಆನೆಯನ್ನು ಎಫ್2ಕ್ಕೆ ತಂದರು. ಆನೆಗಳು ಹೋದವು, ಬೆನ್ನಿಗೇ ಮೂಲೆಯಲ್ಲಿ ಸಿಕ್ಕಿಕೊಂಡಿದ್ದ ಒಂಟೆಯೂ ಬದಲಿಗೆ ಬದಲು ಹೋಯಿತು, ಉಳಿದ ರಾಜ ಕಾಲಾಳುಗಳ ಅಂತ್ಯದಲ್ಲಿ ಸೋಲು ಖಚಿತ. 58ನೇ ನಡೆಗೆ ಎಲ್ಲ ಮುಗಿದು, ಹದಿನೆಂಟರ ಹುಡುಗ ವಿಶ್ವ ಚಾಂಪಿಯನ್. ಡ್ರಾ ಆಗಬೇಕಾದ ಸ್ಥಿತಿಯೂ ತಾನಾಗಿ ಡ್ರಾ ಆಗುವುದಿಲ್ಲ. ಇಬ್ಬರಲ್ಲಿ ಒಬ್ಬರು ಅದನ್ನು ಕಡೆಯವರೆಗೆ ಹೊತ್ತು ತರಬೇಕು.

ವಿಶ್ವ ಮಟ್ಟದಲ್ಲಿ ಹೊತ್ತು ತರುವವರು ಹೆಚ್ಚು, ಅದಕ್ಕೇ ಅಲ್ಲಿ ಡ್ರಾಗಳೂ ಹೆಚ್ಚು. 1927ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ವಿಶ್ವ ಚಾಂಪಿಯನ್ ಪಟ್ಟಕ್ಕಾಗಿ ಕಾಪಾಬ್ಲಾಂಕಾ, ಅಲೆಖಿನ್ ಆಡಿದ 34 ಆಟಗಳಲ್ಲಿ 25 ಡ್ರಾ. 1984ರಲ್ಲಿ ಮಾಸ್ಕೋದಲ್ಲಿ ಶುರುವಾದ ಕಾರ್ಪೋವ್, ಕಾಸ್ಪರೋವ್ ಪಂದ್ಯದ 48 ಆಟಗಳಲ್ಲಿ 40 ಡ್ರಾ ಆಗಿ, 1985ರ ಫೆಬ್ರವರಿಯಲ್ಲಿ ತೀರ್ಮಾನವಿಲ್ಲದೆಯೇ ನಿಲ್ಲಿಸಿಬಿಟ್ಟರು. 2018ರಲ್ಲಿ ಲಂಡನ್‌ನಲ್ಲಿ ಕಾರ್ಲ್‌ಸನ್, ಕರುವಾನಾ ಆಡಿದ 12 ಕ್ಲಾಸಿಕಲ್ ಆಟಗಳೂ ಡ್ರಾ. ಈ ಲೆಕ್ಕ ನೋಡಿ ಡ್ರಾ ಎಂದರೆ ನೀರಸ ಎನ್ನುವವರು, ನಮ್ಮ ಶನಿವಾರದ ಲೀಗ್ ನೋಡಬೇಕು. ಇಲ್ಲಿ ಯಾರೋ ಒಬ್ಬರು ಎಲ್ಲೋ ಒಂದು ಕಡೆ ಜಾರುತ್ತಾರೆ, ಆಟ ಮುಗಿಯುತ್ತದೆ. ಕೊನೆಯ ಕಾಯಿಯವರೆಗೆ ಹೋಗಿ ಸಮವಾಗುವುದು ಅಪರೂಪ.

ಡ್ರಾಗಳನ್ನೆಲ್ಲ ನಾನು ಹೊಗಳುತ್ತಿಲ್ಲ. ಕೊನೆಯ ಸುತ್ತಿನಲ್ಲಿ ಬಹುಮಾನದ ಲೆಕ್ಕ ಹಾಕಿ, ಹತ್ತು ನಡೆ ಆಡಿ ಕೈಕುಲುಕಿ ಎದ್ದು ಹೋಗುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಅದೂ ಹನ್ನೆರಡು ಹದಿಮೂರು ವರ್ಷದ ಮಕ್ಕಳಿಗೆ ದೊಡ್ಡವರೇ ಹಾಗೆ ಹೇಳಿಕೊಟ್ಟು ಕಳಿಸುವುದುಂಟು. ಸ್ಕೋರ್‌ಶೀಟ್‌ನಲ್ಲಿ ಎರಡಕ್ಕೂ ಅರ್ಧ ಅಂಕವೇ, ಆದರೆ ಅಲ್ಲಿ ಆಟವೇ ಆಗಿರುವುದಿಲ್ಲ. ಬಲ್ಗೇರಿಯಾದ ಸೋಫಿಯಾದಲ್ಲಿ 2005ರ ಟೂರ್ನಮೆಂಟ್‌ನಲ್ಲಿ ಆಟಗಾರರು ಪರಸ್ಪರ ಮಾತಾಡಿ ಡ್ರಾ ಮಾಡಿಕೊಳ್ಳುವಂತಿಲ್ಲ ಎಂಬ ನಿಯಮ ತಂದರು. ಇಂದಿಗೂ ಅಂಥದ್ದಕ್ಕೆ ಸೋಫಿಯಾ ನಿಯಮ ಎಂದೇ ಹೆಸರು. ಜಿಲ್ಲಾ ಮಟ್ಟದ ಮಕ್ಕಳ ಟೂರ್ನಮೆಂಟ್‌ಗಳಲ್ಲಿ, ಕಡೇ ಪಕ್ಷ ಮೊದಲ ಮೂವತ್ತು ನಡೆಗಳವರೆಗೆ, ಇದು ಬೇಕೇ ಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಐವತ್ತು ನಡೆ ದಾಟಿತು. ಅವಳ ಎಫ್ ಕಾಲಾಳು ಎಫ್5ಕ್ಕೆ ಬಂತು. ಜಿ ಕಾಲಾಳುಗಳು ಒಂದನ್ನೊಂದು ತಿಂದು ಹೋದವು. ಮೇಷ್ಟ್ರು ಎಫ್6 ಆಡಿ ತಡೆದರು, ಅವಳು ಇ5 ನೂಕಿದಳು, ಮತ್ತೊಂದು ಜೊತೆ ಹೋಯಿತು. ಈಗ ಉಳಿದದ್ದು ಅವಳ ಒಂದೇ ಒಂದು ಕಾಲಾಳು, ಎಫ್5ರಲ್ಲಿ. ಅದರ ಪಕ್ಕ ಜಿ5ರಲ್ಲಿ ಅವಳ ರಾಜ. ಮೇಷ್ಟ್ರ ರಾಜ ಎಫ್8ರಲ್ಲಿ, ಕಾಲಾಳು ಕಡೆಗೆ ಮುಟ್ಟಬೇಕಾದ ಮನೆಯಲ್ಲೇ. ಅವರ ಆನೆ ಎ1ರಲ್ಲಿತ್ತು. ನಡೆ ಮೇಷ್ಟ್ರದ್ದು, ಗಡಿಯಾರದಲ್ಲಿ ಎರಡು ನಿಮಿಷ ಚಿಲ್ಲರೆ.

ಆಗಲೇ ಕರೆಂಟ್ ಹೋಯಿತು.

ಗಾಳಿ ಮಳೆ ಎಂದರೆ ನಮ್ಮಲ್ಲಿ ಇದು ಹೊಸತಲ್ಲ. ನಾನು ಗಡಿಯಾರ ನಿಲ್ಲಿಸಿ, ಇಬ್ಬರನ್ನೂ ಬೋರ್ಡಿನಿಂದ ದೂರ ಕೂರಿಸಿ, ಎಮರ್ಜೆನ್ಸಿ ಲ್ಯಾಂಪ್ ತರಲು ಹೋದೆ. ಬರುವಾಗ ನೋಡಿದೆ, ಮೇಷ್ಟ್ರು ಕಿಟಕಿಯ ಹತ್ತಿರದ ಬೆಂಚಿನ ಮೇಲೆ ಕೂತು ಬಲಗೈ ತೋರುಬೆರಳನ್ನು ತೊಡೆಯ ಮೇಲೆ ಅಡ್ಡಡ್ಡ ಎಳೆಯುತ್ತಿದ್ದರು. ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ, ಒಂದೇ ಗೆರೆ. ಅದು ಆರನೇ ಸಾಲು ಎಂದು ನನಗೆ ಹೊಳೆಯಿತು. ಅವರಿಗೆ ಗೊತ್ತಿದೆ, ಇನ್ನು ಉಳಿಸಿಕೊಳ್ಳುತ್ತಾರೆ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ನಿರ್ಣಾಯಕನಾದವನು ಮುಖದಲ್ಲಿ ಏನನ್ನೂ ತೋರಿಸುವ ಹಾಗಿಲ್ಲ.

ಲ್ಯಾಂಪ್ ಇಟ್ಟು ಗಡಿಯಾರ ಶುರು ಮಾಡಿದ ಕೂಡಲೇ ಮೇಷ್ಟ್ರು ಆನೆಯನ್ನು ಎ1ರಿಂದ ಎ6ಕ್ಕೆ ತಂದಿಟ್ಟರು.

ಈ ಒಂದು ನಡೆಯ ಹಿಂದೆ ಎರಡು ಶತಮಾನ ದಾಟಿದ ವಿದ್ಯೆ ಇದೆ. ಫ್ರಾನ್ಸಿನ ಫಿಲಿಡೋರ್ ವೃತ್ತಿಯಿಂದ ಸಂಗೀತಗಾರ, ಅಪೆರಾಗಳನ್ನು ಬರೆದವನು. ಚದುರಂಗದ ಮೇಲೆ 1749ರಲ್ಲಿ ಪುಸ್ತಕ ಬರೆದ, 1777ರಲ್ಲಿ ಅದನ್ನು ಬೆಳೆಸಿದ. ಆನೆ ಮತ್ತು ಒಂದು ಕಾಲಾಳಿನ ಎದುರು ಬರೀ ಆನೆ ಇಟ್ಟುಕೊಂಡು ಉಳಿಯುವುದು ಹೇಗೆ ಎಂಬ ದಾರಿಗೆ ಇಂದೂ ಅವನದೇ ಹೆಸರು. ದಾರಿ ಹೀಗಿದೆ: ನಮ್ಮ ರಾಜ ಕಾಲಾಳಿನ ದಾರಿಗೆ ಅಡ್ಡ ಕೂತಿರಲಿ. ಆನೆಯನ್ನು ಆರನೇ ಸಾಲಿನಲ್ಲಿ ಅಡ್ಡಗಟ್ಟಿ ನಿಲ್ಲಿಸು. ಎದುರಾಳಿಯ ರಾಜ ಆ ಸಾಲನ್ನು ಹತ್ತಲಾರ. ಹತ್ತಿದರೆ ಮಾತ್ರ ಅಪಾಯ, ಏಕೆಂದರೆ ಆಗ ಅವನ ಆನೆ ಎಂಟನೇ ಸಾಲಿಗೆ ಬಂದು ಮೇಟ್ ಆಗಿ ಆಟವೇ ಮುಗಿದುಬಿಡಬಹುದು. ಹತ್ತಲು ಆಗದೆ ಕೊನೆಗೆ ಅವನು ಕಾಲಾಳನ್ನೇ ಆರನೇ ಮನೆಗೆ ನೂಕುತ್ತಾನೆ. ಅದೇ ಗಳಿಗೆಗೆ ಕಾಯಬೇಕು. ಕಾಲಾಳು ಮುಂದೆ ಹೋಯಿತೆಂದರೆ ಅವನ ರಾಜನಿಗೆ ಅದರ ಮುಂದೆ ಬಚ್ಚಿಟ್ಟುಕೊಳ್ಳಲು ಜಾಗವಿಲ್ಲ. ತಕ್ಷಣ ನಮ್ಮ ಆನೆ ಒಂದನೇ ಸಾಲಿಗೆ ಇಳಿದು ಹಿಂದಿನಿಂದ ಚೆಕ್ ಕೊಡುತ್ತಲೇ ಇರಬೇಕು.

ಕೇಳಲು ಸುಲಭ. ಬೋರ್ಡಿನ ಮುಂದೆ ಗಾಬರಿಯಾದಾಗ ಕೈ ತಾನಾಗಿ ಹೋಗುವುದು ಇನ್ನೊಂದು ಕಡೆಗೆ: ಆನೆಯನ್ನು ರಾಜನ ಪಕ್ಕ ಎಂಟನೇ ಸಾಲಿಗೆ ಎಳೆದುಕೊಂಡು, ಮೈ ಮುದುರಿ ಕೂರುವುದು. ಅಂಚಿನ ಕಾಲಾಳು ಅಥವಾ ಅದರ ಪಕ್ಕದ ಕಾಲಾಳು ಇದ್ದಾಗ ಆ ರಕ್ಷಣೆ ಸಾಕಾಗುತ್ತದೆ. ಎಫ್ ಕಾಲಾಳು ಅಥವಾ ನಡುವಿನ ಕಾಲಾಳಿನ ಎದುರು ಹಾಗೆ ಕೂತರೆ ಸೋಲುತ್ತೇವೆ. ರಾಜನಿಂದ ದೂರ, ಖಾಲಿ ಬೋರ್ಡಿನ ಆ ತುದಿಯಲ್ಲಿ ನಿಂತ ಆನೆಯೇ ರಾಜನನ್ನು ಕಾಯುತ್ತಿರುತ್ತದೆ. ಇದನ್ನು ನಂಬಲು ಧೈರ್ಯ ಬೇಕು.

ಅವಳು ನಂಬಲಿಲ್ಲ, ನಂಬಬೇಕಾಗಿಯೂ ಇರಲಿಲ್ಲ. ಆನೆಯನ್ನು ಎಚ್7ಕ್ಕೆ ತಂದಳು. ಮೇಷ್ಟ್ರು ಆನೆಯನ್ನು ಬಿ6ಕ್ಕೆ ಸರಿಸಿದರು. ಅವಳು ಆನೆಯನ್ನು ಏಳನೇ ಸಾಲಿನಲ್ಲೇ ಆಚೆ ಈಚೆ ಆಡಿಸಿ ನೋಡಿದಳು. ಮೇಷ್ಟ್ರು ಸಿ6, ಮತ್ತೆ ಬಿ6. ತೊಡೆಯ ಮೇಲೆ ಎಳೆದ ಅದೇ ಗೆರೆ. ಸುಮಾರು ಹತ್ತು ನಡೆ ಹೀಗೇ. ಆಮೇಲೆ ಅವಳು ದೀರ್ಘ ಯೋಚನೆ ಮಾಡಿ ಕಾಲಾಳನ್ನು ಎಫ್6ಕ್ಕೆ ನೂಕಿದಳು. ಬಿ6ರಲ್ಲಿದ್ದ ಆನೆ ತಡಮಾಡದೆ ಬಿ1ಕ್ಕೆ ಇಳಿಯಿತು. ರಾಜ ಜಿ6ಕ್ಕೆ ಹತ್ತಿದ, ಮುಂದಿನ ನಡೆಗೆ ಮೇಟ್. ಆದರೆ ಸರದಿ ಮೇಷ್ಟ್ರದ್ದು: ಜಿ1ರಿಂದ ಚೆಕ್. ರಾಜ ಎಫ್5, ಎಫ್1ರಿಂದ ಚೆಕ್. ರಾಜ ಇ6, ಇ1ರಿಂದ ಚೆಕ್. ಎಲ್ಲಿ ಹೋದರೂ ಹಿಂದೆಯೇ ಆನೆ. ರಾಜನನ್ನು ಇನ್ನೂ ಕೆಳಗೆ ಇಳಿಸಿ ಆನೆಯನ್ನು ಓಡಿಸೋಣವೆಂದರೆ ಮೇಲೆ ಒಂಟಿಯಾದ ಕಾಲಾಳು ಕೈಬಿಡುತ್ತದೆ.

ಅದೇ ಸ್ಥಿತಿ ಮೂರನೇ ಸಲ ಬರುವ ಹೊತ್ತಿಗೆ ಮೇಷ್ಟ್ರು ತಮ್ಮ ನಡೆಯನ್ನು ಆಡದೆ, ಸ್ಕೋರ್‌ಶೀಟ್‌ನಲ್ಲಿ ಮಾತ್ರ ಬರೆದು, ಗಡಿಯಾರ ನಿಲ್ಲಿಸಿ ನನ್ನನ್ನು ಕರೆದರು. ಒಂದೇ ಸ್ಥಿತಿ ಮೂರು ಸಲ ಬಂದರೆ ಡ್ರಾ ಕೇಳಬಹುದು, ಕೇಳುವ ಕ್ರಮ ಇರುವುದೇ ಹಾಗೆ. ಮೊದಲು ಆಡಿ ಗಡಿಯಾರ ಒತ್ತಿಬಿಟ್ಟರೆ ಆ ಸಲದ ಹಕ್ಕು ಹೋಗುತ್ತದೆ. ನಾನು ಇಬ್ಬರ ಶೀಟ್ ತೆಗೆದುಕೊಂಡು ಲ್ಯಾಂಪಿನ ಬೆಳಕಿನಲ್ಲಿ ಒಂದೊಂದೇ ನಡೆ ಓದಿ ಹೋಲಿಸಿದೆ. ಮೇಷ್ಟ್ರ ಅಕ್ಷರ ಹಾಜರಿ ಪುಸ್ತಕದ ಅಕ್ಷರದ ಹಾಗೆ ಮೊದಲಿನಿಂದ ಕಡೆಯವರೆಗೆ ಒಂದೇ ಸಮ. ಅವಳದ್ದು ಕೊನೆಯ ಇಪ್ಪತ್ತು ನಡೆಗಳಲ್ಲಿ ಪೆನ್ನು ಕಾಗದಕ್ಕೆ ಒತ್ತಿ ಒತ್ತಿ ಅಚ್ಚು ಬಿದ್ದಿತ್ತು. ಮೂರು ಸಲ ಆಗಿತ್ತು. "ಡ್ರಾ" ಎಂದೆ.

ಚೆಸ್‌ನಲ್ಲಿ ಇಂಥ ನಿಲುಗಡೆ ಇಲ್ಲದಿದ್ದರೆ ಹಠ ಹಿಡಿದವರು ಬೆಳಗಿನವರೆಗೂ ಆಡುತ್ತಿದ್ದರು. ಬೆಲ್‌ಗ್ರೇಡ್‌ನಲ್ಲಿ 1989ರಲ್ಲಿ ನಿಕೋಲಿಚ್, ಆರ್ಸೋವಿಚ್ ಆಡಿದ ಆಟ 269 ನಡೆ ಎಳೆದು ಡ್ರಾ ಆಯಿತು. ಕಾಲಾಳು ಆಡದೆ, ಕಾಯಿ ಹೊಡೆಯದೆ 50 ನಡೆ ಹೋದರೆ ಡ್ರಾ ಕೇಳಬಹುದು ಎಂಬುದು ಈಗಿನ ನಿಯಮ. ಅವರಿಬ್ಬರ ನಡುವೆ ಬಂದಂಥ, ಆನೆ ಒಂಟೆಗಳ ಎದುರು ಬರೀ ಆನೆ ಉಳಿದ ಅಂತ್ಯಕ್ಕೆ ಆಗ 100ರವರೆಗೆ ಅವಕಾಶವಿತ್ತು. ಡ್ರಾ ಯಾವುದು ಎಂಬುದೂ ಎಲ್ಲ ಕಾಲಕ್ಕೂ ಒಂದೇ ಆಗಿರಲಿಲ್ಲ. ರಾಜನಿಗೆ ಚೆಕ್ ಇಲ್ಲ, ಆಡಲು ನಡೆಯೂ ಇಲ್ಲ ಎಂಬ ಸ್ಟೇಲ್‌ಮೇಟನ್ನು ನಾವು ಡ್ರಾ ಎನ್ನುತ್ತೇವೆ. ಹದಿನೇಳು, ಹದಿನೆಂಟನೇ ಶತಮಾನದ ಇಂಗ್ಲೆಂಡಿನಲ್ಲಿ ಹಾಗೆ ಎದುರಾಳಿಯನ್ನು ಸಿಕ್ಕಿಸಿದವನೇ ಸೋತಂತೆ ಲೆಕ್ಕ.

ಆವತ್ತಿನ ಆಟ ರೇಟಿಂಗ್‌ಗೆ ಸೇರಿದ್ದಲ್ಲ. ಸೇರಿದ್ದರೆ ಏನಾಗುತ್ತಿತ್ತು ಎಂದು ನೋಡಿದರೂ ಡ್ರಾ ಏನೂ ಅಲ್ಲ ಎನ್ನುವಂತಿಲ್ಲ. 200 ಅಂಕದ ಅಂತರವಿದ್ದಾಗ ಮೇಲಿನವರಿಂದ ನಿರೀಕ್ಷಿಸುವುದು 0.76, ಕೆಳಗಿನವರಿಂದ 0.24. ಅರ್ಧ ಅಂಕ ಬಂದರೆ ಹುಡುಗಿ ನಿರೀಕ್ಷೆಗಿಂತ 0.26 ಹೆಚ್ಚು ಗಳಿಸಿದ ಹಾಗೆ. ಹದಿನೆಂಟರೊಳಗಿನವರಿಗೆ ಅದನ್ನು 40ರಿಂದ ಗುಣಿಸುತ್ತಾರೆ, ಅವಳಿಗೆ ಹತ್ತು ಅಂಕದ ಮೇಲೆ ಏರಿಕೆ. ಮೇಷ್ಟ್ರಿಗೆ ಗುಣಿಸುವುದು 20ರಿಂದ, ಐದು ಚಿಲ್ಲರೆ ಇಳಿಕೆ. ಸೋತಿದ್ದರೆ ಹದಿನೈದು ಹೋಗುತ್ತಿತ್ತು.

ರಾತ್ರಿ ಮನೆಗೆ ಬಂದು ಇಡೀ ಆಟವನ್ನು ಕಂಪ್ಯೂಟರಿಗೆ ಹಾಕಿ ನೋಡಿದೆ. ಕೊನೆಯ ಭಾಗದುದ್ದಕ್ಕೂ ಸ್ಟಾಕ್‌ಫಿಶ್ ಎಂಬ ಚೆಸ್ ಪ್ರೋಗ್ರಾಂ ತೋರಿಸಿದ್ದು ಒಂದೇ ಅಂಕಿ: 0.00, ಎಂದರೆ ಸಮಸಮ. ಏಳು ಕಾಯಿಗಳವರೆಗಿನ ಎಲ್ಲ ಸ್ಥಿತಿಗಳನ್ನೂ ಪೂರ್ತಿ ಬಿಡಿಸಿ ಕೋಷ್ಟಕ ಮಾಡಿಟ್ಟಿದ್ದಾರೆ. ಇವರಿಬ್ಬರ ಐದು ಕಾಯಿಯ ಅಂತ್ಯ ಅದರೊಳಗೆ ಎಂದೋ ತೀರ್ಮಾನವಾಗಿಹೋದ ಲೆಕ್ಕ. ಆ ಸೊನ್ನೆಯನ್ನು ನೋಡುತ್ತಾ ನನಗೆ ಸಿಟ್ಟೇ ಬಂತು. ಅಲ್ಲಿ ಏನೂ ಆಗಲಿಲ್ಲ ಎಂದು ಹೇಳುತ್ತಿತ್ತು ಅದು. ಒಬ್ಬರು ಮೂವತ್ತನೇ ನಡೆಯಿಂದ ಸೋಲಿನ ಅಂಚಿನಲ್ಲಿ ಕೂತು ಒಂದೇ ಒಂದು ಮನೆ ತಪ್ಪದಂತೆ ಆಡಿದ್ದಾರೆ. ಇನ್ನೊಬ್ಬಳು ಕೊಟ್ಟ ಡ್ರಾವನ್ನು ಬೇಡವೆಂದು, ಇದ್ದ ದಾರಿಗಳನ್ನೆಲ್ಲ ತಡಕಿದ್ದಾಳೆ. ಆ ಸೊನ್ನೆಯನ್ನು ಸೊನ್ನೆಯಾಗಿ ಉಳಿಸಲು ಇಬ್ಬರೂ ಎಷ್ಟು ತೆತ್ತರು ಎಂಬುದಕ್ಕೆ ಪರದೆಯ ಮೇಲೆ ಜಾಗವಿರಲಿಲ್ಲ. ಪೋಷಕರಿಗೆ ನಾನು ತಿಳಿಸಿ ಹೇಳಬೇಕೆಂದಿರುವುದು ಇಷ್ಟೇ: ಫಲಿತಾಂಶದ ಹಾಳೆಯ ಅರ್ಧ ಅಂಕ ನೋಡಿ ಮುಖ ಸಪ್ಪಗೆ ಮಾಡುವ ಮೊದಲು, ಮಗು ಬರೆದ ಸ್ಕೋರ್‌ಶೀಟ್ ಕೇಳಿ ನೋಡಿ. ಎಷ್ಟು ನಡೆ ಎಂದಾದರೂ ಕೇಳಿ.

ಆಟ ಮುಗಿದ ಮೇಲೆ ಮಳೆ ನಿಲ್ಲದೆ ಇಬ್ಬರೂ ಉಳಿದರು. ಹುಡುಗಿ ಮೊದಲು ಕೇಳಿದ್ದು, "ಸಾರ್, ಎಲ್ಲಿ ಗೆಲ್ಬಹುದಿತ್ತು?" ಮೇಷ್ಟ್ರು ನಾಲ್ಕಕ್ಕೆ ಮೂರರ ಸ್ಥಿತಿಗೆ ಕಾಯಿಗಳನ್ನು ಮತ್ತೆ ಜೋಡಿಸಿದರು. "ಗೆಲ್ಲೋದು ಇರ್ಲಿಲ್ಲ ಮಾರಾಯ್ತಿ. ಆದ್ರೆ ಎಫ್5 ಅಷ್ಟು ಬೇಗ ನೂಕದೆ ರಾಜನ್ನ ಇನ್ನೂ ಮುಂದೆ ತಂದು ಕಾದಿದ್ರೆ ನಂಗೆ ಬಹಳ ಕಷ್ಟ ಆಗ್ತಿತ್ತು. ನೀನು ಕಾಲಾಳು ಕಮ್ಮಿ ಮಾಡ್ದಂಗೆಲ್ಲ ನಂಗೆ ಸಲೀಸಾಯ್ತು." ಅವಳು ಅದನ್ನು ಶೀಟಿನ ಹಿಂಭಾಗದಲ್ಲಿ ಬರೆದುಕೊಂಡಳು.

ಆಮೇಲೆ ಮೇಷ್ಟ್ರು ಬೋರ್ಡ್ ಖಾಲಿ ಮಾಡಿ ನಾಲ್ಕೇ ಕಾಯಿ ಇಟ್ಟರು. ಬಿಳಿ ರಾಜ ಎಚ್8ರ ಮೂಲೆಯಲ್ಲಿ, ಬಿಳಿ ಕಾಲಾಳು ಸಿ6. ಕಪ್ಪು ರಾಜ ಎ6, ಕಪ್ಪು ಕಾಲಾಳು ಎಚ್5. ಬಿಳಿಯ ಸರದಿ. ರಿಚರ್ಡ್ ರೇಟಿ 1921ರಲ್ಲಿ ರಚಿಸಿದ ಸಮಸ್ಯೆ, ಚೆಸ್ ಆಡುವವರು ಒಮ್ಮೆಯಾದರೂ ಕಾಣಲೇಬೇಕಾದದ್ದು. ಅವಳು ನೋಡಿದ ತಕ್ಷಣ "ಬಿಳಿ ಸೋತಿದೆ" ಎಂದಳು. ಯಾರಿಗಾದರೂ ಹಾಗೇ ಕಾಣುತ್ತದೆ. ಕಪ್ಪು ಕಾಲಾಳು ಓಡಿದರೆ ಬಿಳಿ ರಾಜ ಹಿಡಿಯಲಾರ, ಎರಡು ಹೆಜ್ಜೆ ಹಿಂದಿದ್ದಾನೆ. ತನ್ನ ಕಾಲಾಳಿನ ಸಹಾಯಕ್ಕೂ ಹೋಗಲಾರ, ಅದೂ ದೂರ. "ಡ್ರಾ ಮಾಡು ನೋಡೋಣ" ಎಂದರು ಮೇಷ್ಟ್ರು.

ಉತ್ತರ ಓರೆಯಾಗಿ ನಡೆಯುವುದರಲ್ಲಿದೆ. ರಾಜ ಜಿ7, ಎಫ್6, ಇ5 ಎಂದು ಕರ್ಣದ ಮೇಲೆ ಇಳಿಯುತ್ತಾನೆ. ಹಾಗೆ ಇಳಿಯುವಾಗ ಒಂದೊಂದು ಹೆಜ್ಜೆಯಲ್ಲೂ ಎರಡೂ ಕಡೆಗೆ ಹತ್ತಿರವಾಗುತ್ತಿರುತ್ತಾನೆ. ಇ5ಕ್ಕೆ ಬಂದಾಗ ಕಪ್ಪು ರಾಜ ಸಿ6ರ ಕಾಲಾಳನ್ನು ಹೊಡೆದರೆ ಬಿಳಿ ರಾಜ ಎಫ್4ಕ್ಕೆ ತಿರುಗಿ ಓಡುವ ಕಾಲಾಳನ್ನು ಹಿಡಿಯುತ್ತಾನೆ. ಹೊಡೆಯದೆ ಕಾಲಾಳನ್ನೇ ಓಡಿಸಿದರೆ ಬಿಳಿ ರಾಜ ಡಿ6ಕ್ಕೆ ಹೋಗಿ ತನ್ನ ಕಾಲಾಳನ್ನು ದಾಟಿಸುತ್ತಾನೆ, ಇಬ್ಬರಿಗೂ ಮಂತ್ರಿ ಬರುತ್ತದೆ. ಎರಡು ಕೆಲಸದಲ್ಲಿ ಒಂದಕ್ಕೂ ಸಮಯ ಇಲ್ಲದವನು ಎರಡನ್ನೂ ಒಟ್ಟಿಗೆ ಹಿಡಿದದ್ದರಿಂದ ಉಳಿದುಕೊಳ್ಳುತ್ತಾನೆ. ಇಡೀ ಚೆಸ್‌ನಲ್ಲಿ ಇದಕ್ಕಿಂತ ಚೆಲುವಾದದ್ದನ್ನು ನಾನು ಕಂಡಿಲ್ಲ, ಇದರ ಉತ್ತರ ಗೆಲುವಲ್ಲ, ಡ್ರಾ.

ಅವಳಿಗೆ ಕಾಲು ಗಂಟೆ ಹಿಡಿಯಿತು. ಮೇಷ್ಟ್ರು ನಡುವೆ ಒಂದು ಮಾತೂ ಆಡಲಿಲ್ಲ, ಒಂದು ಸುಳಿವೂ ಕೊಡಲಿಲ್ಲ. ಇ5 ಸಿಕ್ಕಾಗ ಅವಳು ಕಾಯಿಯನ್ನು ಆ ಮನೆಯಲ್ಲಿಟ್ಟು ಬೆರಳು ತೆಗೆಯದೆ ಎರಡೂ ಕಡೆ ಎಣಿಸಿ ನೋಡಿ, "ಹೌದಲ್ಲ ಸಾರ್!" ಎಂದಳು. ಮೇಷ್ಟ್ರು ಕಾಯಿಗಳನ್ನು ಬದಲಿಸಿ ಮತ್ತೆ ಫಿಲಿಡೋರ್‌ನ ಸ್ಥಿತಿ ಇಟ್ಟರು. ಈ ಸಲ ಕಪ್ಪು ಅವಳಿಗೆ. ತೀರ್ಥಹಳ್ಳಿಗೆ ಹೋಗುವ ಬಸ್ಸಿನ ಹೊತ್ತಾಗುವವರೆಗೂ ಮೇಷ್ಟ್ರು ಗೆಲ್ಲಲು ನೋಡಿದರು, ಅವಳು ಬಿಡಲಿಲ್ಲ.

ಆಗಸ್ಟ್‌ನಿಂದ ನಮ್ಮ ಭಾನುವಾರದ ಮಕ್ಕಳ ತರಗತಿಯಲ್ಲಿ ಪಾಠದ ಕ್ರಮ ಬದಲಿಸಿದ್ದೇವೆ. ಕಾಯಿಗಳ ನಡೆ, ಸರಳ ಮೇಟ್‌ಗಳು ಮುಗಿದ ಮೇಲೆ ಮೊದಲು ಆರಂಭಗಳನ್ನು ಹೇಳಿಕೊಡುತ್ತಿದ್ದೆವು. ಈಗ ಆ ಜಾಗದಲ್ಲಿ ಆರನೇ ಸಾಲಿನ ಆನೆ. ಪ್ರತಿ ಮಗುವೂ ಒಂದು ಕಾಲಾಳು ಕಡಿಮೆ ಇಟ್ಟುಕೊಂಡು, ಗಡಿಯಾರದ ಎದುರು, ದೊಡ್ಡವರೊಬ್ಬರಿಂದ ಡ್ರಾ ಗಿಟ್ಟಿಸಬೇಕು. ಗಿಟ್ಟಿಸಿದ ಮೇಲೆ ಬದಿ ಬದಲಿಸಿ ಅದೇ ಸ್ಥಿತಿಯನ್ನು ಗೆಲ್ಲಲು ನೋಡಬೇಕು. ಎದುರಿಗೆ ಕೂರುವವರು ಒಂದು ವಾರ ಮೇಷ್ಟ್ರು, ಇನ್ನೊಂದು ವಾರ ಆ ಹುಡುಗಿ. ತರಗತಿ ಬೆಳಿಗ್ಗೆ ಹತ್ತಕ್ಕೆ ಶುರು. ಮಕ್ಕಳನ್ನು ಬಿಟ್ಟು ಹೋಗುವ ಅಪ್ಪ ಅಮ್ಮಂದಿರಿಗೂ ಕೂತು ನೋಡಲು ಹಿಂದೆ ಬೆಂಚು ಹಾಕಿದ್ದೇವೆ.